ಹೊರದೇಶದಲ್ಲಿ ಜಪಾನಿ ನೃತ್ಯ ಕಲಿಸಿದ ಗುರು ತೀರಿಕೊಂಡರೆ ಶಿಷ್ಯರು ಹೇಗೆ ಗೌರವ ಸಲ್ಲಿಸುತ್ತಾರೆ?

ಕುಣಿದು! ಗುರುವಿನ ನೆನಪಿಗೆ ಮಾಡುವ ಇಂಥ ಪ್ರದರ್ಶನಕ್ಕೆ ‘ತ್ಸುಯಿಜೆನ್’ ಅಂತಾರೆ. ಬೌದ್ಧರ ತಿಥಿಗೆ ಹೊಂದಿಸಿ ಇಟ್ಟುಕೊಳ್ಳುವುದೂ ಉಂಟು. ಅವರ ‘3ನೇ ವರ್ಷದ’ ತಿಥಿ ಬರುವುದು ಎರಡು ವರ್ಷ ತುಂಬಿದಾಗ, ಯಾಕಂದ್ರೆ ಸಾವನ್ನೇ ಒಂದು ಅಂತ ಎಣಿಸುತ್ತಾರೆ.

ಲಾಸ್ ಏಂಜಲೀಸ್‌ನ ನೃತ್ಯಗುರು ಫುಜಿಮಾ ಕಾನ್ಸುಮಾ ಅವರನ್ನೇ ತಗೊಳ್ಳಿ. 1918ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿ, ಟೋಕಿಯೋಗೆ ಹೋಗಿ ಕಲಿತು ಬಂದವರು. ಎರಡನೇ ಮಹಾಯುದ್ಧದಲ್ಲಿ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಅಮೆರಿಕ ಕೂಡಿಹಾಕಿದಾಗ, ಅರ್ಕನ್ಸಾದ ರೋವರ್ ಶಿಬಿರದ ಬೇಲಿಯೊಳಗೂ ಕುಣಿತ ಬಿಡಲಿಲ್ಲ. 1987ರಲ್ಲಿ ಅದೇ ದೇಶದ ರಾಷ್ಟ್ರೀಯ ಜಾನಪದ ಕಲಾ ಗೌರವ ಬಂತು, ನೋಡಿ ವಿಚಿತ್ರ! 2023ರಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡರು.

ನನ್ನ ಪ್ರಕಾರ ದೊಡ್ಡ ಗೌರವ ಹೆಸರಿನಲ್ಲಿದೆ. ಚೆನ್ನಾಗಿ ಪಳಗಿದ ಶಿಷ್ಯರಿಗೆ ಆ ಪರಂಪರೆಯ ಹೆಸರು ಸಿಗುತ್ತದೆ, ಅಂಥವರನ್ನು ‘ನಾತೋರಿ’ ಅನ್ನುತ್ತಾರೆ. ‘ಫುಜಿಮಾ’ ಕೂಡ ಹಾಗೆ ಬಂದದ್ದೇ, ಹುಟ್ಟುಹೆಸರು ಸುಮಾಕೋ. ಇನ್ನು ದಿನನಿತ್ಯದ್ದು ಅಂದರೆ, ಪಾಠಕ್ಕೆ ಮುಂಚೆ ಮಂಡಿಯೂರಿ, ಮಡಿಸಿದ ಬೀಸಣಿಗೆಯನ್ನು ಮುಂದೆ ಅಡ್ಡ ಇಟ್ಟು, ತಲೆ ಬಾಗಿಸುವುದು. ಗುರು ಎದುರಿಗೆ ಇಲ್ಲದಿದ್ದರೂ ಅದು ತಪ್ಪುವುದಿಲ್ಲ.