ಅಳತೆಗೋಲೇ ಬೇರೆ ಬೇರೆ

ಸರ್ಕಾರದಲ್ಲಿ ನಮ್ಮ ಮಾತು ನಡೆಯುತ್ತದೆ ಅಂತ ಸಮೀಕ್ಷೆಯೊಂದರಲ್ಲಿ ಮೆಕ್ಸಿಕೋದವರಿಗಿಂತ ಚೀನಾದವರೇ ಜಾಸ್ತಿ ಹೇಳಿದ್ದಾರಲ್ಲ, ಅದು ಹೇಗೆ ಅಂತ ಕೇಳಿದ್ದೀರಿ. ಹಾಗೆ ಹೇಳಿದ್ದು ನಿಜ. ಯಾರೂ ಸುಳ್ಳು ಹೇಳಿದರು ಅಂತಲ್ಲ, ಇಬ್ಬರ ಅಳತೆಗೋಲು ಬೇರೆ. ಮೆಕ್ಸಿಕೋದ ಜನ 2000ರಲ್ಲಿ, 71 ವರ್ಷ ಕುರ್ಚಿ ಬಿಡದ ಪಕ್ಷವನ್ನು ಓಟು ಹಾಕಿಯೇ ಇಳಿಸಿದವರು. ಅಂಥವರಿಗೆ ನಿರೀಕ್ಷೆ ಜಾಸ್ತಿ, ಬೇಸರವೂ ಜಾಸ್ತಿ ಅಲ್ವಾ?

ಅಮೆರಿಕದ ರಾಜಕೀಯ ವಿಜ್ಞಾನಿ ಗ್ಯಾರಿ ಕಿಂಗ್ ಮತ್ತು ಜೊತೆಗಾರರು 2004ರಲ್ಲಿ ಇದಕ್ಕೊಂದು ಒಳ್ಳೆಯ ಉಪಾಯ ತೋರಿಸಿದರು. ಜನರಿಗೆ ಪುಟ್ಟ ಕಥೆಗಳನ್ನೂ ಓದಿ ಹೇಳಿದರು. ಒಬ್ಬಳಿಗೆ ಶುದ್ಧ ಕುಡಿಯುವ ನೀರಿಲ್ಲ, ಅವಳೂ ನೆರೆಯವರೂ ಸೇರಿ ವಿರೋಧ ಪಕ್ಷದ ಅಭ್ಯರ್ಥಿಯ ಬೆನ್ನಿಗೆ ನಿಂತಿದ್ದಾರೆ, ಅವರೇ ಗೆಲ್ಲುವ ಹಾಗಿದೆ. ಇನ್ನೊಬ್ಬನಿಗೂ ನೀರಿಲ್ಲ, ಆದರೆ ಅವನಿಗೆ ಓಟೇ ಇಲ್ಲ, ಸುಮ್ನೆ ಸಹಿಸಿಕೊಂಡಿದ್ದಾನೆ. ಇವರ ಮಾತು ಎಷ್ಟು ನಡೆಯುತ್ತದೆ ಅಂತ ಕೇಳಿ, ಆ ಉತ್ತರದ ಪಕ್ಕ ಜನ ತಮ್ಮ ಬಗ್ಗೆ ಹೇಳಿದ್ದನ್ನು ಇಟ್ಟು ನೋಡಿದರು. ಲೆಕ್ಕ ತಲೆಕೆಳಗಾಯಿತು! ಚೀನಾದಲ್ಲಿ 40%ಗಿಂತ ಜಾಸ್ತಿ ಜನ ತಮ್ಮನ್ನು ಆ ಓಟಿಲ್ಲದವನಿಗಿಂತಲೂ ಕೆಳಗೆ ಇಟ್ಟುಕೊಂಡಿದ್ದರು. ನನಗೆ ಇವತ್ತಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಹಾಗಾಗಿ ಎರಡು ದೇಶಗಳ ಅಂಕಿಯನ್ನು ನೇರವಾಗಿ ಹೋಲಿಸಬೇಡಿ. ಒಂದೇ ದೇಶದಲ್ಲಿ ವರ್ಷದಿಂದ ವರ್ಷಕ್ಕೆ ಏನು ಬದಲಾಯಿತು ನೋಡಿ. ಉದಾಹರಣೆಗೆ, ಆಫ್ರಿಕಾದ ದೇಶಗಳಲ್ಲಿ ಆಫ್ರೋಬ್ಯಾರೋಮೀಟರ್ ಅನ್ನೋ ಸಂಶೋಧನಾ ಸಂಸ್ಥೆ 1999ರಿಂದ ಸಮೀಕ್ಷೆ ಮಾಡುತ್ತಿದೆ, ಅಲ್ಲಿಂದ ಶುರು ಮಾಡಿ.