ಡಾಕ್ಟ್ರಿಗೆ ಮಾತಾಡೋದು ಯಾರು ಕಲಿಸ್ತಾರೆ?

ಹೋದ ಸಂಚಿಕೇಲಿ ಓದುಗರೊಬ್ರು "ಡಾಕ್ಟ್ರು ನನ್ನ ಮುಖಾನೂ ನೋಡ್ಲಿಲ್ಲ, ಕಂಪ್ಯೂಟರ್ ನೋಡ್ಕೊಂಡೇ ಮಾತ್ರೆ ಬರೆದು ಕಳಿಸಿದ್ರು" ಅಂತ ಬರೆದಿದ್ರಲ್ಲ, ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಾಲ ಹಿಡ್ಕೊಂಡೇ ಬಂದಿವೆ. ಹಾಗಾಗಿ ಈ ತಿಂಗಳು ಪೂರ್ತಿ ಅದೇ ವಿಷಯ. ಥೈರಾಯ್ಡು, ಮಂಡಿ ನೋವು ಕೇಳಿದೋರು ಇನ್ನೊಂದು ತಿಂಗಳು ತಡ್ಕೊಳ್ಳಿ.

ಪ್ರಶ್ನೆ: ಮಗಳು ಈ ವರ್ಷ ಎಂಬಿಬಿಎಸ್ ಸೇರಿದಾಳೆ. ಮೊನ್ನೆ ಫೋನ್ ಮಾಡಿ "ರೋಗಿ ಹತ್ರ ಹೆಂಗೆ ಮಾತಾಡ್ಬೇಕು ಅಂತ ಕ್ಲಾಸಿತ್ತಮ್ಮ" ಅಂದ್ಲು. ಇದಕ್ಕೂ ಒಂದು ಕ್ಲಾಸಾ? ನಮ್ಮೂರಿನ ಹಳೇ ಡಾಕ್ಟ್ರು ಯಾವ ಕ್ಲಾಸಿಗೆ ಹೋಗಿದ್ರು? ಒಳ್ಳೇ ಮನಸ್ಸಿದ್ರೆ ಸಾಲದಾ?
— ಓದುಗರು, ದಾವಣಗೆರೆ

ಉತ್ತರ: ಸಾಲಲ್ಲ ಅಮ್ಮ. ಒಳ್ಳೇ ಮನಸ್ಸಿನ ಹುಡುಗರು ಕೆಟ್ಟದಾಗಿ ಮಾತಾಡೋದನ್ನ ವಾರ್ಡಲ್ಲಿ ಬೇಕಾದಷ್ಟು ನೋಡಿದೀನಿ, ಕಾರಣ ದುರಹಂಕಾರ ಅಲ್ಲ, ಭಯ. ಇಪ್ಪತ್ಮೂರು ವರ್ಷದ ಹೌಸ್ ಸರ್ಜನ್ನು ರಾತ್ರಿ ಎರಡು ಗಂಟೆಗೆ ಒಂದು ಮನೆಯವರಿಗೆಲ್ಲ ನಿಮ್ಮ ತಂದೆ ಸ್ಥಿತಿ ಗಂಭೀರ ಅಂತ ಹೇಳ್ಬೇಕು, ಹೆಂಗೆ ಶುರು ಮಾಡ್ಬೇಕು ಅಂತ ಯಾರೂ ಹೇಳ್ಕೊಟ್ಟಿಲ್ಲ, ಅದಕ್ಕೇ ಬಾಯಿಗೆ ಬಂದ ಇಂಗ್ಲಿಷ್ ಪದಗಳನ್ನೆಲ್ಲ ಗಡಗಡ ಹೇಳಿ ಅಲ್ಲಿಂದ ಓಡ್ತಾನೆ. ಮನೆಯವರು ಇವನಿಗೆ ಕರುಣೆನೇ ಇಲ್ಲ ಅನ್ಕೋತಾರೆ.

ನಿಮ್ಮ ಮಗಳು ಹೇಳಿದ ಕ್ಲಾಸಿಗೆ ಕಾಲೇಜಲ್ಲಿ ಎಟ್‌ಕಾಮ್ ಅಂತಾರೆ, ನಡತೆ, ನೀತಿ, ಸಂವಹನ ಮೂರೂ ಸೇರಿಸಿ ಮಾಡಿದ ಪಠ್ಯ. ಆಗಿದ್ದ ಮೆಡಿಕಲ್ ಕೌನ್ಸಿಲ್ 2018ರಲ್ಲಿ ಇದರ ಪುಸ್ತಕ ತಂತು, 2019ರ ಬ್ಯಾಚಿಂದ ದೇಶದ ಎಲ್ಲಾ ಮೆಡಿಕಲ್ ಕಾಲೇಜಲ್ಲೂ ಕಡ್ಡಾಯ ಆಯ್ತು. ಒಟ್ಟು 27 ಪಾಠ, ಮೊದಲ ವರ್ಷದಿಂದ ಕೊನೇ ವರ್ಷದವರೆಗೂ ಹರಡಿದಾರೆ. ಮೊದಲನೇ ವರ್ಷದಲ್ಲಿ ಡಾಕ್ಟರ್ ಆಗೋದು ಅಂದ್ರೇನು, ರೋಗಿ ಆಗೋದು ಅಂದ್ರೇನು ಅನ್ನೋ ಪಾಠಗಳಿವೆ, ಅನಾಟಮಿ ಹಾಲಲ್ಲಿ ಮಲಗಿರೋ ಶವಾನೇ ನಿಮ್ಮ ಮೊದಲ ಗುರು ಅಂತನೂ ಒಂದಿದೆ.

ಹಳೇ ಡಾಕ್ಟ್ರ ವಿಷಯ: ಅವ್ರಿಗೆ ನಿಮ್ಮಜ್ಜಿ ಗೊತ್ತಿತ್ತು, ನಿಮ್ಮಪ್ಪನ ಸಾಲ ಗೊತ್ತಿತ್ತು, ಅರ್ಧ ಮಾತು ಆಡೋ ಅಗತ್ಯಾನೇ ಇರ್ಲಿಲ್ಲ. ಇವತ್ತಿನ ಡಾಕ್ಟ್ರು ದಿನಾ ಹೊಸಬರನ್ನ ನೋಡ್ತಾರೆ. ಅಷ್ಟೇ ಅಲ್ಲ, ಆ ಕಾಲದಲ್ಲಿ ಗದರೋ ಡಾಕ್ಟ್ರೂ ಧಾರಾಳವಾಗಿದ್ರು, ಅವ್ರನ್ನ ನಾವು ಮರ್ತಿದೀವಿ ಅಷ್ಟೇ.

ಇನ್ನು ಇದನ್ನ ಕಲಿಸೋದು ಹೆಂಗೆ? ಭಾಷಣ ಮಾಡಿ ಅಂತೂ ಅಲ್ಲ. 1963ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹೋವರ್ಡ್ ಬ್ಯಾರೋಸ್ ಅನ್ನೋ ನರರೋಗ ತಜ್ಞರು ಆರೋಗ್ಯವಾಗಿರೋ ಒಬ್ರಿಗೆ ತರಬೇತಿ ಕೊಟ್ಟು ರೋಗಿ ಪಾತ್ರ ಮಾಡ್ಸಿದ್ರು, ವಿದ್ಯಾರ್ಥಿ ಆ "ರೋಗಿ"ಯನ್ನ ಪರೀಕ್ಷೆ ಮಾಡ್ಬೇಕು, ಆಮೇಲೆ ಹೆಂಗೆ ಮಾಡ್ದ ಅಂತ ರೋಗೀನೇ ಹೇಳ್ತಾರೆ. ಆಗ ಇದೇನು ನಾಟಕ ಅಂತ ನಕ್ಕೋರೂ ಇದ್ರು, ಇವತ್ತು ಪ್ರಪಂಚದ ತುಂಬ ಇದೇ ಪದ್ಧತಿ. ನಮ್ಮ ಕಾಲೇಜುಗಳಲ್ಲಿ ನಟರಿಗೆ ಕೊಡಕ್ಕೆ ದುಡ್ಡಿಲ್ಲ, ಒಬ್ಬ ಪಿಜಿ ವಿದ್ಯಾರ್ಥಿ ರೋಗಿ ಆಗ್ತಾನೆ, ಇನ್ನೊಬ್ಬಳು ಸಿಟ್ಟಾದ ಸೊಸೆ ಆಗ್ತಾಳೆ, ನಡೆಯತ್ತೆ. ಮುಖ್ಯವಾದ್ದು ಏನಂದ್ರೆ ಗೊತ್ತಿರೋರು ಒಬ್ರು ಪಕ್ಕದಲ್ಲಿ ನಿಂತು ನೋಡ್ಬೇಕು, ನೋಡಿದ್ದನ್ನ ಹೇಳ್ಬೇಕು. ಡ್ರಿಪ್ಪಿಗೆ ಕ್ಯಾನುಲಾ ಹಾಕೋದನ್ನ ನಾವು ಹಂಗೇ ತಾನೇ ಕಲಿಸೋದು? ಮಾತಿನ ವಿಷಯದಲ್ಲಿ ಮಾತ್ರ ಹುಡುಗರನ್ನ ಒಂಟಿಯಾಗಿ ಬಿಟ್ಟು ತಾನಾಗೇ ಬರತ್ತೆ ಬಿಡು ಅಂತೀವಿ.

ನನ್ನ ಅಸಮಾಧಾನಾನೂ ಇಲ್ಲೇ. ಬೆಳಿಗ್ಗೆ ಎಟ್‌ಕಾಮ್ ಕ್ಲಾಸಲ್ಲಿ "ರೋಗಿ ಹೆಸರು ಕೇಳಿ, ಕೂತ್ಕೊಂಡು ಮಾತಾಡಿ" ಅಂತ ಪಾಠ, ಹನ್ನೊಂದಕ್ಕೆ ರೌಂಡ್ಸಲ್ಲಿ ಅದೇ ಮೇಷ್ಟ್ರು ರೋಗಿ ತಲೆ ಮೇಲಿಂದ "ಆ ಲಿವರ್ ಕೇಸ್ ಎಲ್ಲಿ?" ಅಂತ ಕೇಳ್ತಾರೆ. ಹುಡುಗರು ಕಲಿಯೋದು ಹನ್ನೊಂದು ಗಂಟೆ ಪಾಠಾನ. ಥಿಯರಿ ಪೇಪರಲ್ಲಿ ಈ ವಿಷಯದ ಮೇಲೆ ಒಂದು ಪ್ರಶ್ನೆ ಇರ್ಬೇಕು ಅಂತ ನಿಯಮ ಇದೆ, ಅದಕ್ಕೆ ಉತ್ತರ ಬಾಯಿಪಾಠ ಮಾಡ್ಬಹುದು. ಪ್ರಾಕ್ಟಿಕಲ್ಲಲ್ಲಿ ಎಕ್ಸಾಮಿನರ್ ಕೂತು, ಈ ಹುಡುಗಿ ಅಜ್ಜಿಗೆ ಇನ್ಸುಲಿನ್ ತಗೊಳೋದು ಹೇಳ್ಕೊಟ್ಟಿದ್ದು ಅಜ್ಜಿಗೆ ತಿಳೀತಾ ಅಂತ ನೋಡಿ ಮಾರ್ಕ್ಸ್ ಕೊಟ್ರೆ ಆಗ ಬದಲಾಗತ್ತೆ.

ಮಗಳಿಗೆ ಒಂದು ಹೇಳಿ, ಯಾವ ರೋಗೀನ ಕಳಿಸೋ ಮುಂಚೆನೂ "ಅರ್ಥ ಆಯ್ತಾ" ಅಂತ ಕೇಳ್ಬೇಡ, ಎಲ್ರೂ ಹೂಂ ಅಂತಾರೆ. "ಮನೆಗೆ ಹೋಗಿ ಸೊಸೆಗೆ ಹೆಂಗೆ ಹೇಳ್ತೀರಾ ಇದನ್ನ, ನನಗೊಂದ್ಸಲ ಹೇಳಿ" ಅಂತ ಕೇಳು. ಊಟಕ್ಕೆ ಮುಂಚೆ ಮಾತ್ರೆ ಊಟ ಆದ್ಮೇಲೆ ಆಗಿರೋದು ಅಲ್ಲೇ ಸಿಕ್ಕಿ ಬೀಳತ್ತೆ.

ಪ್ರಶ್ನೆ: ಸರ್ಕಾರಿ ಆಸ್ಪತ್ರೇಲಿ ಹೌಸ್ ಸರ್ಜನ್. ಓಪಿಡಿ ಬಾಗಿಲು ತೆಗೆದ್ರೆ ಕಾರಿಡಾರ್ ತುದಿವರೆಗೂ ಸಾಲು. ಎಲ್ರೂ ಡಾಕ್ಟ್ರಿಗೆ ಬುದ್ಧಿ ಹೇಳೋರೇ, ಟೈಮ್ ಎಲ್ಲಿಂದ ತರೋದು ಸರ್?
— ಹೆಸರು ಬೇಡ

ಉತ್ತರ: ನಿಮ್ಮ ಕೋಪ ನ್ಯಾಯವಾದ್ದೇ. 2017ರಲ್ಲಿ 67 ದೇಶಗಳ ಲೆಕ್ಕ ಒಟ್ಟು ಮಾಡಿ ಒಂದು ವರದಿ ಬಂತು, ಸ್ವೀಡನ್ನಲ್ಲಿ ಒಬ್ಬ ರೋಗಿಗೆ ಸರಾಸರಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಾವು ಯಾವ ಕಡೆ ಹತ್ರ ಅಂತ ನಿಮ್ಗೆ ಹೇಳ್ಬೇಕಾಗಿಲ್ಲ. ಡಾಕ್ಟ್ರ ಸಂಖ್ಯೆ ಹೆಚ್ಚಿಸದೆ, ಸಣ್ಣ ಕಾಯಿಲೆಗಳನ್ನ ಪಿಎಚ್‌ಸಿ ಮಟ್ಟದಲ್ಲೇ ತಡೀದೆ, ಹುಡುಗರಿಗೆ ನಗುನಗುತ್ತಾ ಮಾತಾಡಿ ಅನ್ನೋದು ಸರ್ಕಾರ ತನ್ನ ಕೆಲಸಾನ ಇಪ್ಪತ್ಮೂರು ವರ್ಷದೋರ ಹೆಗಲಿಗೆ ಹಾಕಿದಂಗೆ.

ಆದ್ರೂ ಒಂದು ಮಾತು. ನಾವೆಲ್ಲ ಹೆದರೋದು ರೋಗಿ ಬಾಯಿ ಬಿಟ್ರೆ ನಿಲ್ಸಲ್ಲ ಅಂತ. 1984ರಲ್ಲಿ ಬೆಕ್‌ಮನ್, ಫ್ರಾಂಕೆಲ್ ಅಂತ ಇಬ್ರು ಅಮೆರಿಕದಲ್ಲಿ ರೆಕಾರ್ಡ್ ಮಾಡಿ ನೋಡಿದ್ರು, ಡಾಕ್ಟ್ರು ಸರಾಸರಿ 18 ಸೆಕೆಂಡಿಗೇ ಮಧ್ಯೆ ಬಾಯಿ ಹಾಕ್ತಿದ್ರು. 2002ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಆಸ್ಪತ್ರೇಲಿ ಉಲ್ಟಾ ಮಾಡಿ ನೋಡಿದ್ರು, ಡಾಕ್ಟ್ರು ಸುಮ್ನಿರ್ಬೇಕು, ರೋಗಿ ತಾನಾಗೇ ನಿಲ್ಸೋವರೆಗೂ. 335 ಜನ ರೋಗಿಗಳು, ಸರಾಸರಿ 92 ಸೆಕೆಂಡಿಗೆ ಮಾತು ಮುಗ್ದಿತ್ತು. ನೂರಕ್ಕೆ 78 ಜನ ಎರಡು ನಿಮಿಷದೊಳಗೆ. ನಮ್ಮಲ್ಲಿ ಆ 92 ಸೆಕೆಂಡೂ ದುಬಾರಿನೇ, ಒಪ್ತೀನಿ, ಎಲ್ರಿಗೂ ಕೊಡಕ್ಕಾಗಲ್ಲ. ಹೊಸ ರೋಗಿಗೆ ಕೊಡಿ, ಮೂರನೇ ಸಲ ಅದೇ ತೊಂದರೆ ಅಂತ ಬಂದೋರಿಗೆ ಕೊಡಿ. ಮೂರು ಸಲ "ಗ್ಯಾಸ್ಟ್ರಿಕ್" ಅಂತ ಮಾತ್ರೆ ತಗೊಂಡು ಹೋದ ಹೆಂಗಸು ಮೆಟ್ಟಿಲು ಹತ್ತುವಾಗ ಮಾತ್ರ ಎದೆ ಹಿಡ್ಕೊಳತ್ತೆ ಅಂತ ಹೇಳೋದು ಎಷ್ಟನೇ ವಾಕ್ಯದಲ್ಲಿ ಅಂತ ಒಂದ್ಸಲ ಗಮನಿಸಿ, ಮೊದಲನೇ ವಾಕ್ಯದಲ್ಲಂತೂ ಅಲ್ಲ.

ಪ್ರಶ್ನೆ: ನಮ್ಮ ಅವ್ವಗ 62 ವರ್ಷ. ಎದಿಯೊಳಗ ಗಂಟಾಗಿತ್ತು, ಬಯಾಪ್ಸಿ ಒಳಗ ಕ್ಯಾನ್ಸರ್ ಅಂತ ಬಂತು. ಆಕಿಗೆ ಹೇಳಬ್ಯಾಡ್ರಿ, ತಡ್ಕೊಳ್ಳೂದಿಲ್ಲ ಅಂತ ನಾವು ಅಣ್ಣತಮ್ಮಂದ್ರು ಡಾಕ್ಟರಗ ಕೈ ಮುಗದ್ವಿ. ಅವರು "ಎಷ್ಟು ಹೇಳಬೇಕು ಅಂತ ನಿಮ್ಮವ್ವನ್ನ ಕೇಳಿ ಆಮ್ಯಾಲೆ ನೋಡೂಣು" ಅಂದ್ರು. ರೊಕ್ಕ ಕೊಡಾವ್ರು ನಾವು, ನೋಡ್ಕೊಳ್ಳಾವ್ರು ನಾವು, ನಮ್ಮ ಮಾತಿಗೆ ಬೆಲೆ ಇಲ್ಲೇನ್ರಿ?
— ಹುಬ್ಬಳ್ಳಿ

ಉತ್ತರ: ಬೆಲೆ ಇದೆ. ಆದ್ರೆ ಆ ಡಾಕ್ಟ್ರು ಮಾಡಿದ್ದೇ ಸರಿ, ನಿಮಗೆ ಬೇಜಾರಾದ್ರೂ ನೇರವಾಗೇ ಹೇಳ್ತೀನಿ.

ಕೆಟ್ಟ ಸುದ್ದಿ ಹೇಳೋದಕ್ಕೆ ಒಂದು ಕ್ರಮ ಇದೆ, ಸ್ಪೈಕ್ಸ್ ಅಂತಾರೆ, 2000ದಲ್ಲಿ ವಾಲ್ಟರ್ ಬೈಲ್, ರಾಬರ್ಟ್ ಬಕ್‌ಮನ್ ಮತ್ತೆ ಅವರ ಜತೆಯೋರು ಬರೆದಿದ್ದು, ಈಗ ನಮ್ಮ ಕಾಲೇಜುಗಳಲ್ಲೂ ಇದನ್ನೇ ಕಲಿಸೋದು. ಆರು ಹೆಜ್ಜೆ. ಮೊದ್ಲು ಜಾಗ, ಪರದೆ ಎಳೀಬೇಕು, ಕೂರ್ಬೇಕು, ಫೋನ್ ಬದಿಗಿಡ್ಬೇಕು. ಎರಡನೇದು, ಅವರಿಗೆ ಈಗಾಗ್ಲೇ ಏನು ಗೊತ್ತಿದೆ ಅಂತ ಕೇಳೋದು. ಮೂರನೇದೇ ನಿಮ್ಮ ಡಾಕ್ಟ್ರು ಮಾಡೋಕ್ಕೆ ಹೊರಟಿರೋದು, ಎಷ್ಟು ತಿಳ್ಕೊಳಕ್ಕೆ ಇಷ್ಟ ಅಂತ ಕೇಳೋದು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳೋದು, ಅತ್ರೆ ಅಳೋಕ್ಕೆ ಬಿಡೋದು, ಕೊನೇಲಿ ಮುಂದೇನು ಮಾಡೋಣ ಅಂತ ಕೂತು ಮಾತಾಡೋದು.

ಮೂರನೇ ಹೆಜ್ಜೇಲಿ ನಿಮ್ಮವ್ವ "ನನಗ್ಯಾಕ್ರಿ ಅದೆಲ್ಲ, ನನ್ನ ಮಕ್ಕಳಿಗೆ ಹೇಳ್ರಿ" ಅಂದ್ರೆ ಡಾಕ್ಟ್ರು ಅಲ್ಲಿಗೇ ನಿಲ್ಸಿ ನಿಮ್ಮ ಹತ್ರ ಮಾತಾಡ್ತಾರೆ. ಹಂಗೆ ಹೇಳೋ ತಾಯಂದಿರು ಎಷ್ಟೋ ಜನ ಇದಾರೆ, ಅದು ಅವರ ತೀರ್ಮಾನ, ಅದಕ್ಕೂ ಗೌರವ ಇದೆ. ವ್ಯತ್ಯಾಸ ಇಷ್ಟೇ, ಬೇಡ ಅನ್ನೋದು ಅವರೇ ಅನ್ಬೇಕು, ಅವರ ಪರವಾಗಿ ನೀವಲ್ಲ.

ಕಾನೂನೂ ಅದೇ ಕಡೆ ಇದೆ. ಸಮೀರಾ ಕೊಹ್ಲಿ ಕೇಸಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಡ್ತು: ಹೆಂಗಸು ಬರೀ ತಪಾಸಣೆಗೆ ಒಪ್ಪಿದ್ರು, ಅರಿವಳಿಕೇಲಿ ಮಲಗಿದ್ದಾಗ ಡಾಕ್ಟ್ರು ಹೊರಗೆ ಕೂತಿದ್ದ ತಾಯಿ ಒಪ್ಪಿಗೆ ತಗೊಂಡು ಗರ್ಭಕೋಶ, ಅಂಡಾಶಯ ತೆಗೆದ್ರು. ಹೆತ್ತ ತಾಯಿ ಒಪ್ಪಿಗೆ ಸಲ್ಲಲ್ಲ, ವಯಸ್ಕ ರೋಗೀನೇ ವಿಷಯ ತಿಳ್ಕೊಂಡು ಒಪ್ಬೇಕು ಅಂತು ಕೋರ್ಟು. ನಾಳೆ ನಿಮ್ಮವ್ವ ಆಪರೇಷನ್ನಿಗೆ, ಕಿಮೋಗೆ ಸಹಿ ಹಾಕ್ಬೇಕು. ಯಾತಕ್ಕೆ ಅಂತ ಗೊತ್ತಿಲ್ದೆ ಹಾಕಿದ ಸಹಿಗೆ ಏನರ್ಥ?

ಕಾನೂನು ಹಂಗಿರ್ಲಿ, ಗುಟ್ಟು ಉಳಿಯೋದೂ ಕಷ್ಟ. ಕ್ಯಾನ್ಸರ್ ಆಸ್ಪತ್ರೆ ಬೋರ್ಡಲ್ಲೇ ಬರ್ದಿರತ್ತೆ. ಓದು ಬರದಿದ್ರೂ ಪಕ್ಕದ ಬೆಡ್ಡಿನ ಹೆಂಗಸು "ನಿಮಗ ಎಷ್ಟನೇ ಕಿಮೋ?" ಅಂತ ಕೇಳ್ತಾಳೆ. ಆಗ ಏನಾಗತ್ತೆ ಅಂದ್ರೆ ಅವ್ವಗೂ ಗೊತ್ತು, ನಿಮಗೂ ಗೊತ್ತು, ಇಬ್ರೂ ಗೊತ್ತಿಲ್ದಂಗೆ ಇರ್ಬೇಕು, ಅವರು ಹೆದರಿಕೆ ಹೇಳ್ಕೊಳ್ಳೋಕ್ಕೂ ಯಾರಿಲ್ಲ. ಹೊಲ ಯಾರ ಹೆಸರಿಗೆ, ಯಾವ ಮಗಳಿಗೆ ಯಾವ ಒಡವೆ, ಯಲ್ಲಮ್ಮನ ಗುಡ್ಡಕ್ಕೆ ಒಂದ್ಸಲ ಹೋಗಿ ಬರೋಣ ಅನ್ನೋದು, ಇವೆಲ್ಲ ಅವರ ಮನಸ್ಸಲ್ಲಿದ್ರೆ ಹೇಳೋಕ್ಕೆ ಅವಕಾಶ ಬೇಡವಾ?

ಡಾಕ್ಟ್ರ ಕಡೆ ತಪ್ಪೂ ಹೇಳ್ಬಿಡ್ತೀನಿ. ಮನೆಯವರು ಹೇಳ್ಬೇಡಿ ಅಂದ ಕೂಡ್ಲೇ "ರೂಲ್ಸ್ ಇಲ್ಲ" ಅಂತ ಮುಖ ತಿರುಗಿಸೋರಿದಾರೆ. ಮೊದ್ಲು ಮನೆಯವರನ್ನ ಕೂರಿಸಿ "ಹೇಳಿದ್ರೆ ಏನಾಗತ್ತೆ ಅಂತ ನಿಮ್ಮ ಭಯ?" ಅಂತ ಕೇಳ್ಬೇಕು. ಯಾಕಂದ್ರೆ ನಮ್ಮಲ್ಲಿ ರೋಗಿ ಒಬ್ರೇ ಬರಲ್ಲ, ಐದು ಜನ ಬರ್ತಾರೆ, ಆ ಐದು ಜನಾನೇ ಆರು ತಿಂಗಳು ರಾತ್ರಿ ಆಸ್ಪತ್ರೆ ನೆಲದ ಮೇಲೆ ಮಲಗೋದು. ವಿದೇಶದ ಆರು ಹೆಜ್ಜೆಗೆ ನಮ್ಮ ಕಡೆ ಈ ಹೆಜ್ಜೇನ ಮುಂಚೆನೇ ಸೇರಿಸ್ಕೋಬೇಕು. ಇನ್ನೊಂದು, ಕಾರಿಡಾರಲ್ಲಿ ನಿಂತು "ಫೋರ್ತ್ ಸ್ಟೇಜು, ಏನೂ ಮಾಡಕ್ಕಾಗಲ್ಲ" ಅನ್ನೋದು ಯಾವತ್ತೂ ಸುಳ್ಳು. ವಾಸಿ ಆಗ್ದೇ ಇದ್ರೂ ನೋವಿಗೆ, ಉಬ್ಬಸಕ್ಕೆ, ನಿದ್ದೆಗೆ ಮಾಡೋದು ಇದ್ದೇ ಇರತ್ತೆ.

ನೀವೀಗ ಮಾಡ್ಬೇಕಾದ್ದು: ಮಾತಾಡುವಾಗ ನಾನು ಪಕ್ಕದಲ್ಲಿ ಇರ್ತೀನಿ ಅಂತ ಡಾಕ್ಟ್ರಿಗೆ ಮುಂಚೆನೇ ಹೇಳಿ, ಅವ್ವ ಯಾರ ಮಾತು ಹೆಚ್ಚು ಕೇಳ್ತಾರೋ ಆ ಅಕ್ಕನೋ ತಂಗಿನೋ ಇದ್ರೆ ಕರ್ಕೊಂಡ್ಹೋಗಿ.

ಪ್ರಶ್ನೆ: ರಾಜಸ್ಥಾನದವಳು, ಆಲ್ ಇಂಡಿಯಾ ಕೋಟಾದಲ್ಲಿ ಇಲ್ಲಿ ಸೀಟು ಸಿಕ್ಕಿದೆ. ಕನ್ನಡ ಕಲೀತಿದೀನಿ, ಆದ್ರೆ ರೋಗಿಗಳು ಮಾತಾಡೋ ಕನ್ನಡ ಕ್ಲಾಸಿನ ಕನ್ನಡ ಅಲ್ಲ. ಏನು ಮಾಡ್ಲಿ? (ಇಂಗ್ಲಿಷಲ್ಲಿ ಬಂದ ಪತ್ರ, ಕನ್ನಡ ನನ್ನದು.)

ಉತ್ತರ: ಕೇಳಿದ್ದೇ ಸಂತೋಷ. ಕೋರ್ಸಿನ ಶುರುವಲ್ಲಿ ಸ್ಥಳೀಯ ಭಾಷೆ ಕಲಿಸ್ಬೇಕು ಅಂತ ನಿಯಮ ಇದೆ, ಆದ್ರೆ ಅದು ಬರೀ ಶುರು. ನಿಜವಾದ ಮೇಷ್ಟ್ರು ವಾರ್ಡಿನ ನರ್ಸಮ್ಮಂದಿರು ಮತ್ತೆ ಆಯಾಗಳು. ಅವರ ಪಕ್ಕ ನಿಂತು ರೋಗಿ ಹೇಳಿದ್ದನ್ನ ಹೇಳಿದಂಗೇ ಬರ್ಕೊಳ್ಳಿ, "ಎದೆ ಹಿಂಡ್ದಂಗೆ", "ಕೈಕಾಲು ಜೋಮು", "ಕಣ್ಣು ಕತ್ಲೆ ಬಂತು", ಹಿಂಗೆ. ಹಾಸ್ಟೆಲ್ ಗೆಳೆಯರಿಂದ ಕಲಿತ ಕನ್ನಡಾನ ಮಾತ್ರ ಅಜ್ಜಂದಿರ ಮೇಲೆ ಪ್ರಯೋಗ ಮಾಡ್ಬೇಡಿ, ಅದ್ರಲ್ಲಿ ಎಲ್ರೂ "ನೀನು", "ಬಾ", "ಕೂತ್ಕೋ". ಬನ್ನಿ, ಕೂತ್ಕೊಳ್ಳಿ, ಹೇಳಿ, ಈ ಮೂರಿಂದ ಶುರು ಮಾಡಿ. ಫ್ಯಾಮಿಲಿ ಅಡಾಪ್ಷನ್ ಪ್ರೋಗ್ರಾಮಲ್ಲಿ ಹಳ್ಳಿ ಮನೆಗಳಿಗೆ ಹೋಗ್ತೀರಲ್ಲ, ಬರೀ ಬಿಪಿ ನೋಡಿ ಫೋಟೋ ತೆಗೆಸ್ಕೊಂಡು ಬರದೆ ಅರ್ಧ ಗಂಟೆ ಜಗುಲಿ ಮೇಲೆ ಕೂತ್ಕೊಳ್ಳಿ.

ಪ್ರಶ್ನೆ: ತಮ್ಮ ಗೋಲ್ಡ್ ಮೆಡಲಿಸ್ಟು. ಇಂಗ್ಲೆಂಡಿಗೆ ಹೋಗ್ಬೇಕು ಅಂತ, ಹೊರಗಿನ ಡಾಕ್ಟ್ರು ಅಲ್ಲಿ ಕೆಲಸ ಮಾಡಕ್ಕೆ ಬರೆಯೋ ಪ್ಲ್ಯಾಬ್ ಪರೀಕ್ಷೆ ಬರೆದ, ಮೊದಲನೇದು ಪಾಸು, ಎರಡನೇದು ಫೇಲು. ಇದು ಮೋಸ ಅಲ್ವಾ?
— ಬೆಂಗಳೂರು

ಉತ್ತರ: ಮೋಸ ಅಲ್ಲ. ಪ್ಲ್ಯಾಬ್ ಎರಡನೇ ಭಾಗ ಮ್ಯಾಂಚೆಸ್ಟರಲ್ಲಿ ನಡೆಯೋದು, ಒಂದೊಂದು ಸ್ಟೇಷನ್ನಿಗೂ, ಅಂದ್ರೆ ಒಂದೊಂದು ಸನ್ನಿವೇಶಕ್ಕೂ, ಎಂಟು ನಿಮಿಷ, ಬಹಳಷ್ಟು ಕಡೆ ರೋಗಿ ಪಾತ್ರದಲ್ಲಿ ನಟರಿರ್ತಾರೆ. ನಿಮ್ಮ ತಮ್ಮನಿಗೆ ರೋಗ ಗೊತ್ತಿರತ್ತೆ, ಎರಡನೇ ನಿಮಿಷಕ್ಕೇ ಉತ್ತರ ಹೇಳಿರ್ತಾನೆ, ಎದುರಿಗೆ ಕೂತೋರು ಯಾತಕ್ಕೆ ಹೆದರಿದಾರೆ ಅಂತ ಕೇಳಿರಲ್ಲ. ಅಲ್ಲಿ ಅದಕ್ಕೂ ಮಾರ್ಕ್ಸ್ ಇದೆ. ಕನ್ನಡಿ ಮುಂದೆ ಪ್ರಾಕ್ಟೀಸ್ ಬೇಡ ಅನ್ನಿ, ನೀವೇ ರೋಗಿ ಆಗಿ ಕೂತ್ಕೊಳ್ಳಿ, ಅರ್ಥ ಆಗದಿದ್ರೆ ಮುಲಾಜಿಲ್ದೆ ಹೇಳಿ.

ಪ್ರಶ್ನೆ: ಡಾಕ್ಟ್ರು ಕಲಿಯೋವರೆಗೂ ರೋಗಿಗಳು ನಾವೇನು ಮಾಡೋದು?
— ಶಿರಸಿ

ಉತ್ತರ: ಮೂರು ಪ್ರಶ್ನೆ ಚೀಟೀಲಿ ಬರ್ಕೊಂಡು ಹೋಗಿ, ಮುಖ್ಯವಾದ್ದು ಮೇಲೆ. ಬಾಗಿಲ ಹತ್ರ ಹೋಗಿ ತಿರುಗಿ ನಿಂತು ಕೇಳೋ ಪ್ರಶ್ನೆ ಇರತ್ತಲ್ಲ, ಅದೇ ಸಾಮಾನ್ಯವಾಗಿ ಮುಖ್ಯವಾದ್ದು. ಇನ್ನು ಅಡ್ಮಿಟ್ ಆಗಿದ್ದ ಕಾಯಿಲೆ ಬಗ್ಗೆ ಡಾಕ್ಟ್ರು ಹೇಳಿದ್ದು ಸಾಕಾಗ್ಲಿಲ್ಲ, ಇನ್ನೊಬ್ರನ್ನ ಕೇಳ್ಬೇಕು ಅಂದ್ರೆ ನಿಮ್ಮ ದಾಖಲೆ ಕೇಳಿ, 2002ರ ಮೆಡಿಕಲ್ ಕೌನ್ಸಿಲ್ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡ್ಬೇಕು. ಬಾಯಲ್ಲಿ ಕೇಳ್ಬೇಡಿ, ಒಂದು ಹಾಳೇಲಿ ತಾರೀಖು ಹಾಕಿ ಬರೆದು ಕೊಟ್ಟು, ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸ್ಕೊಳ್ಳಿ.