ಪ್ರತಿಕ್ರಿಯೆ: ನಿಯಾಂಡರ್ತಾಲರು ಕೈಲಾಗದವರನ್ನು ಬಿಟ್ಟು ಹೋಗುತ್ತಿದ್ದರಾ?

ನಿಯಾಂಡರ್ತಾಲರು, ಅಂದರೆ ಈಗ ಅಳಿದುಹೋಗಿರುವ, ನಮಗೆ ಹತ್ತಿರದ ಸಂಬಂಧದ ಪ್ರಾಚೀನ ಮಾನವರು, ಗಾಯಗೊಂಡವರನ್ನು ಸಾಯಲು ಬಿಟ್ಟು ಹೋಗುತ್ತಿದ್ದರಾ, ನಮ್ಮಂಥ ಮನುಷ್ಯರ ಜೊತೆ ನಿಜವಾಗಿ ಬೆರೆತು ಮಕ್ಕಳನ್ನು ಪಡೆದಿದ್ದರಾ ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ನನ್ನ ಉತ್ತರ ಇರಾಕಿನ ಶಾನಿದಾರ್ ಗುಹೆಯಲ್ಲಿದೆ.

ಅಲ್ಲಿ 1957ರಲ್ಲಿ ಪುರಾತತ್ವಜ್ಞ ರಾಲ್ಫ್ ಸೊಲೆಕಿ ಅವರ ತಂಡಕ್ಕೆ ಒಬ್ಬ ನಿಯಾಂಡರ್ತಾಲ್ ಗಂಡಸಿನ ಅಸ್ಥಿಪಂಜರ ಸಿಕ್ಕಿತು. ಅದನ್ನು ಶಾನಿದಾರ್ 1 ಅಂತ ಕರೆಯುತ್ತಾರೆ. ಎಡಗಣ್ಣಿನ ಹತ್ತಿರದ ಮೂಳೆ ಏಟಿಗೆ ಜಜ್ಜಿಹೋಗಿತ್ತು. ಆ ಕಣ್ಣು ಕಾಣಿಸುತ್ತಿದ್ದದ್ದು ಅನುಮಾನ. ಬಲಗೈ ಒಣಗಿದ ಕಡ್ಡಿಯಂತೆ ಸಣ್ಣಗಾಗಿತ್ತು, ಮೊಣಕೈಯಿಂದ ಕೆಳಗೆ ಏನೂ ಇರಲಿಲ್ಲ. ಕಾಲಿಗೂ ಪೆಟ್ಟು. ಕಿವಿಯ ದಾರಿಯಲ್ಲಿ ಮೂಳೆ ಬೆಳೆದಿತ್ತು, ಹಾಗಾಗಿ ಕಿವಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ ಅಂತ 2017ರಲ್ಲಿ ಸಂಶೋಧಕರು ಬರೆದರು.

ಮುಖ್ಯವಾದದ್ದು ಇದು: ಈ ಗಾಯಗಳೆಲ್ಲ ಮಾಗಿದ್ದವು. ಅಂದರೆ ಆಮೇಲೂ ಅವನು ವರ್ಷಗಟ್ಟಲೆ ಬದುಕಿದ್ದ. ಸತ್ತಾಗ ವಯಸ್ಸು ಸುಮಾರು ನಲವತ್ತು. ಕಾಡುಪ್ರಾಣಿಗಳ ನಡುವೆ, ಬೇಟೆಯಾಡಿ ಬದುಕುವ ಕಾಲದಲ್ಲಿ, ಊಟ ಕೊಡುವವರು, ಜೊತೆಗೆ ನಿಲ್ಲುವವರು ಇಲ್ಲದೆ ಇದು ಆಗುವ ಮಾತಲ್ಲ, ಅಲ್ವಾ? ಆ ಮೂಳೆಗಳ ಚಿತ್ರ ನೋಡಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. (ಅದೇ ಗುಹೆಯ ಇನ್ನೊಂದು ದೇಹದ ಮೇಲೆ ಹೂವಿಟ್ಟಿದ್ದರು ಅನ್ನುವ ಕಥೆಯನ್ನು ಮಾತ್ರ ಸುಮ್ನೆ ನಂಬಬೇಡಿ. ಆ ಕಥೆಗೆ ಆಧಾರ ದೇಹದ ಹತ್ತಿರ ಸಿಕ್ಕ ಹೂವಿನ ಪರಾಗ, ಅದನ್ನು ಜೇನುಹುಳಗಳು ತಂದಿರಬಹುದು.)

ಇನ್ನು ಎರಡನೆಯ ಪ್ರಶ್ನೆ: ಬೆರೆತದ್ದು ಖಂಡಿತ ನಿಜ. ರೊಮೇನಿಯಾದ ಓಆಸೆ ಗುಹೆಯಲ್ಲಿ ಸುಮಾರು 40,000 ವರ್ಷ ಹಿಂದಿನ, ನಮ್ಮಂಥ ಮನುಷ್ಯನ ದವಡೆ ಸಿಕ್ಕಿದೆ. ಅದರ ಡಿಎನ್ಎ ಪ್ರಕಾರ, ಬರೀ ನಾಲ್ಕರಿಂದ ಆರು ತಲೆಮಾರು ಹಿಂದೆ ಅವನ ಪೂರ್ವಜರಲ್ಲಿ ಒಬ್ಬರು ನಿಯಾಂಡರ್ತಾಲ್. ನನ್ನಲ್ಲಿ, ನಿಮ್ಮಲ್ಲಿ ಕೂಡ ಅವರ ಡಿಎನ್ಎ ಶೇಕಡಾ 2ರ ಆಸುಪಾಸು ಇದೆ.